ಹೊಕ್ಕು

ದಿಲ್ಲಿ ಕಳಿಸಿದ ಆಡಿಟರು ಬೂಟು ಬಿಚ್ಚಿ ಒಳಗ ಬಂದ.
ಅಷ್ಟಕ್ಕ ಅವಂಗ ಅರ್ಧ ಮಾರ್ಕು ಕೊಟ್ಟೆ.
ಬೆಟಗೇರಿಯ ಈ ಓಣ್ಯಾಗ
ಮಗ್ಗದ ಮುಂದ ಬೂಟಿನ್ಯಾಗ ನಿಂತ ಸಾಹೇಬರನ್ನ
ಭಾಳ ಮಂದೀನ್ನ ನೋಡೇವಿ.

ಫೈಲು ತಗದ. ಕನ್ನಡಕ ಒರಿಸಿದ.
‘ಇಲ್ಲಿ ಬರೆದಿದೆ, ವೈದ್ಯಕೀಯ ಸಾಧನ, ಒಂದು.
ಇದು ಮಗ್ಗ ಅಲ್ಲವೇ?’
ಶಶಿರೇಖಾ, ನಮ್ಮಕ್ಕನ ಮಗಳು, ಕಂಪನಿ ಮಾಲಕಿ.
ಕಂಪನಿ ಅಂದ್ರ ಆಕಿ, ನಾನು, ಒಂದು ಮುದಿ ಕಂಪ್ಯೂಟರು,
ಲೆಕ್ಕ ಬರಿಯಾಕ ಸಂಜಿಕೆ ಬರೋ ಅರವಟಗಿಮಠದ ಹುಡುಗ.
‘ಹೌದ್ರಿ, ಮಗ್ಗ’ ಅಂದ್ಲು,
‘ಇದರಾಗ ಹೊಟ್ಟಿ ನೇಯತೇವಿ.’

ನಗಬ್ಯಾಡ್ರಿ.
ಹಮಾಲನ ಹೊಟ್ಟಿ ಹೆಂಗ ಹರೀತೈತಿ ಗೊತ್ತೇನು?
ಹತ್ತಿ ಅಂಡಿಗಿ ಬೆನ್ನಿಗೇರಿದಾಗ ಅಲ್ಲ,
ಇಳಿಸಿ ಕೆಮ್ಮಿದಾಗ.
ಒಳಗಿನ ಅರಿವಿ ಪಿಸಿದು
ತೊಡಿಸಂದ್ಯಾಗ ಕರುಳು ಇಣಕತೈತಿ,
ಅಗಳಿ ಹಾಕದ ಮನೀಯಿಂದ ಕೂಸು ಇಣಕಿದಂಗ.
ದಾವಲಸಾಬ ಅದನ್ನ ಹನ್ನೊಂದು ವರ್ಷ
ಹಳೇ ಪಟಕಾದ ತುಂಡಿಲೆ ಬಿಗಿದು ಅಡ್ಡಾಡ್ಯಾನ.
ಪರದೇಶದ ಜಾಳಿಗಿ, ಅಂಗೈ ಅಗಲದ್ದು,
ರೇಟು ಕೇಳಿ ಡಾಕ್ಟರಿಗೆ ಅಂದಿದ್ನಂತ,
‘ಇಷ್ಟರಾಗ ಎರಡು ಆಡು ಬರತಾವಲ್ರೀ.’

ಮೊದಲ ಕಂತು ಜಮಾ ಆದ ದಿನ
ಬ್ಯಾಂಕಿನವರು ಫೋನ್ ಮಾಡಿ ಕೇಳಿದ್ರು,
ತಪ್ಪಿ ಬಂದೈತೇನು ಅಂತ.

ಆ ದಾರ ನಿಮಗ ಗೊತ್ತಿಲ್ಲ.
ಗಂಜಿ ಹಿಡಿಯಂಗಿಲ್ಲ, ಬಣ್ಣ ಹತ್ತಂಗಿಲ್ಲ,
ಗಂಟು ಹಾಕಿದ್ರ ಬಿಚ್ಚಿಕೊಂಡು ನಗತೈತಿ.
ದಟ್ಟ ನೇಯಿ, ದಟ್ಟ ನೇಯಿ ಅಂತ
ನಲವತ್ತು ವರ್ಷ ಬೈಸಿಕೊಂಡ ಕೈ ಇದು.
ಈ ಹುಡುಗಿ ಅಂತಾಳ: ‘ಮಾಮಾ, ಖಾಲಿ ಬಿಡು.’
ಖಾಲಿ ನೇಯೋದು ಕಷ್ಟ.
ಒಂದು ಕಿಂಡಿ ಜ್ವಾಳದ ಕಾಳಿನಷ್ಟು,
ಇನ್ನೊಂದೂ ಜ್ವಾಳದ ಕಾಳಿನಷ್ಟ ಆಗಬೇಕು.
ಸಣ್ಣದಾದ್ರ ಮೈ ಒಪ್ಪಂಗಿಲ್ಲ,
ದೊಡ್ಡದಾದ್ರ ಕರುಳು ಕೇಳಂಗಿಲ್ಲ.

ಮೊದಲ ತುಂಡಿಗೆ ಲ್ಯಾಬಿನಿಂದ ಹದಿನಾಲ್ಕು ಪುಟ ಬಂದ್ವು.
ಓದಿಸಿ ಕೇಳಿದ್ರ ತಾತ್ಪರ್ಯ ಇಷ್ಟ: ಅಂಚು ಬಿಚ್ಚತೈತಿ.
ನಮ್ಮವ್ವ ಸೆರಗು ಮುಟ್ಟಿ
ಒಂದ ಉಸುರಿನ್ಯಾಗ ಹೇಳತಿದ್ಲು ಅದನ್ನ,
ಮ್ಯಾಲೊಂದು ಬೈಗುಳ ಸೇರಿಸಿ.

ಆಮ್ಯಾಲೆ ಧಾರವಾಡದಾಗ ಮೊಲ.
‘ಹನ್ನೆರಡು ಯಾಕ? ಹತ್ತು ಸಾಲಂಗಿಲ್ಲೇನು?’
ಕಮಿಟಿ ಕೇಳಿತಂತ.
ಸರ್ಕಾರದ ಎಲ್ಲಾ ಪ್ರಶ್ನಿಗೋಳೊಳಗ
ನನಗ ಹಿಡಿಸಿದ್ದು ಅದೊಂದ.
ತೊಂಬತ್ತು ದಿನ. ನಾ ನೋಡಾಕ ಹೋಗಲಿಲ್ಲ.

ಗಾಜಿನ ಮ್ಯಾಲಿನ ಚೂರು ಮಾತ್ರ ನೋಡಿದೆ,
ಶಶಿರೇಖಾ ತಲಿ ಹಿಡಿದು ದುರ್ಬೀನಿಗೆ ಬಗ್ಗಿಸಿದಾಗ.
ನಾ ಖಾಲಿ ಬಿಟ್ಟ ಕಿಂಡಿಗೋಳೊಳಗೆಲ್ಲ
ಎಳಿ ಎಳಿಯಾಗಿ ಗುಲಾಬಿ ಮಾಂಸ,
ನನ್ನ ದಾರದ ಒಂದರ ಮ್ಯಾಲ, ಒಂದರ ಕೆಳಗ,
ಮತ್ತ ಮ್ಯಾಲ.
ಯಾರು ನೇಯ್ದರು?
ಲಾಳಿ ಸಪ್ಪಳಿಲ್ಲ, ಕಾಲು ತುಳಿದವರಿಲ್ಲ.
ಸೀರಿ ಮುಗಿಸಿ ಕೊಟ್ಟೆ ಅಂತ ತಿಳಕೊಂಡಿದ್ದೆ.
ಹಾಸು ಅಷ್ಟ ಹೂಡಿದ್ದೆ ನಾನು.
ಹೊಕ್ಕು ಮೊಲ ತಾನ ಹಾಕ್ಕೊಂಡಿತ್ತು.

ಆಡಿಟರಿಗೆ ಇದನ್ನ ಹೇಳಿದೆ.
ಬರಕೊಂಡ್ನೋ ಇಲ್ಲೋ ಕಾಣಲಿಲ್ಲ.
ಚಹಾದ ಬಿಲ್ಲು ಮುನ್ನೂರ ನಲವತ್ತು
ಯಾವ ಕಾಲಮ್ಮಿಗೆ ಸೇರಿಸಿದ್ದೀರಿ ಅಂತ ಕೇಳಿದ.
ಎರಡನೇ ಕಂತು ಪರಿಶೀಲನೆಯಲ್ಲಿದೆ ಅಂದ.

ಅಷ್ಟರಾಗ ಮಾರ್ಕೆಟ್ಟು ಮುಗಿಸಿ ದಾವಲಸಾಬ ಬಂದು
ಕಟ್ಟಿಗೆ ಕುಂತ, ದಿನದಂಗ.
‘ನಂದ್ಯಾವಾಗವಾ?’
‘ಮನಷ್ಯಾರ ಪಾಳಿ ಬರಾಕ ಇನ್ನೂ ಎರಡು ವರ್ಷ, ಕಾಕಾ.’
ಸೊಂಟದ ಪಟಕಾ ಒಂದು ಸುತ್ತು ಬಿಗಿದ.
‘ಆತು ಬಿಡು. ಮೊಲ ಮುಂದ, ನಾ ಹಿಂದ.’

ಕರೆಂಟು ಹೋತು. ಕಂಪ್ಯೂಟರು ಕುಂಯ್ ಅಂದು ಮಲಗಿತು.
ಆಡಿಟರು ಫೈಲು ಮಡಚಿ ಹೊಸ್ತಿಲಿಗೆ ಹೋದ,
ಬೂಟಿನ ದಾರ ಕಟ್ಟಾಕ ಬಗ್ಗಿದ.
ಬಗ್ಗಿದಾಗ ಅವನ ಎಡಗೈ
ತೊಡಿಸಂದಿಗೆ ಹೋತು, ಒತ್ತಿ ಹಿಡಿತು.

ನಾ ನೋಡಲಿಲ್ಲ ಅನ್ನೂವಂಗ
ಲಾಳಿ ಎತ್ತಿದೆ.