ಹಚ್ಚಿಕೊಳ್ಳುವುದು

ಮಗ್ರಿಬಿನ ಬಾಂಗು ಕೇಳಿದ್ದೇ ತಡ, ಬೀದಿಗೆ ಬೀದಿಯೇ
ಒಂದೊಂದು ಖರ್ಜೂರ ಬಾಯಿಗಿಟ್ಟಿತು.
ಎಣಿಸಿ ಇಪ್ಪತ್ತು ನಿಮಿಷ. ಆಮೇಲೆ ಮಬ್ರೂಕಾ
ತಗಡಿನ ಡಬ್ಬಿ ಹಿಡಿದು ಹೊರಟಳು
ತಟ್ಟೆಯಂಚಿನ ಬೀಜ ಕೇಳಲು.

‘ಒಂಟೆ ಸಾಕಿದ್ದೀಯಾ?’ ನಕ್ಕಳು ಮೂಲೆಮನೆಯ ಸಾಸಿಯಾ.
‘ಮಗಳನ್ನು ಸಾಕಿದ್ದೇನೆ.
ಅವಳ ಕುಲುಮೆಗೆ ಒಂಟೆಯ ಹೊಟ್ಟೆ.’

ಟ್ಯುನೀಸಿಯಾದ ಈ ದಂಡೆಯಲ್ಲಿ
ಸಮುದ್ರದ ನೀಲಿ ಬೇರೆ, ಮೋರಿಯ ನೀಲಿ ಬೇರೆ.
ಮೋರಿಯದು ಜೀನ್ಸ್ ತೊಳೆದದ್ದು,
ಯಾವುದೋ ದೇಶದ ಯಾರದೋ ಮೊಣಕಾಲಿಗೆ
ಹಳೆಯದಾಗಿ ಕಾಣಲೆಂದು
ಹೊಸದರಲ್ಲೇ ಸವೆಸಿದ್ದು.
ಸವೆಸುವವನು ಲುತ್ಫಿ, ಮಬ್ರೂಕಾಳ ಹಿರಿಮಗ.
ಅವನ ಉಗುರಿನ ಸಂದಿಯಲ್ಲಿ ಆರು ವರ್ಷದ ಸಂಜೆ.
ಅಪ್ಪ ತೈಯಬ್ ಆಕ್ಟೋಪಸ್ ಹಿಡಿಯುತ್ತಿದ್ದ ಮಣ್ಣಿನ ಗಡಿಗೆಗಳು
ಅಂಗಳದಲ್ಲಿ ಸಾಲಾಗಿವೆ. ಒಂದರಲ್ಲಿ ಪುದೀನ.
ಊಟಕ್ಕೆ ಕೂತಾಗ ಮೋರಿಯ ಮಾತು ಯಾರೂ ಎತ್ತುವುದಿಲ್ಲ.

ಎಮ್ನಾ ಬೀಜ ತೊಳೆದಳು, ಒಣಗಿಸಿದಳು, ಕುಟ್ಟಿದಳು.
ಕುಟ್ಟಿದವರಿಗೇ ಗೊತ್ತು
ಮೊದಲು ಸೋಲುವುದು ಕುಟ್ಟಾಣಿ.
ರಂಜಕದ ಆಮ್ಲದಲ್ಲಿ ಒಂದು ರಾತ್ರಿ,
ಅವ್ವ ಕಡಲೆ ನೆನೆಹಾಕಿದ ಹಾಗೆ.
ಐನೂರು ಡಿಗ್ರಿ. ಗಾಳಿಯಾಡದ ಕುಲುಮೆ.
ಉರಿಯಬಾರದು, ಬೂದಿಯಾಗಬಾರದು,
ಬೆಂದೂ ಉಳಿಯಬೇಕು. ಅದೇ ಕಷ್ಟ.
ಮೊದಲ ಸಲ ಮುಚ್ಚಳ ಸರಿದು ಸಿಕ್ಕಿದ್ದು
ಮೂರು ಬೀದಿಯ ಉಪವಾಸ, ಒಂದು ಚಮಚ ಬೂದಿ.
ಎರಡನೆಯ ಸಲ ಇದ್ದಿಲು.
ತೊಳೆದಳು, ಹುಳಿ ಬಿಡುವ ತನಕ, ಹದಿನಾಲ್ಕು ನೀರು.

ಇದ್ದಿಲು ತೊಳೆದರೆ ಬೆಳ್ಳಗಾದೀತೇ ಎಂದವರು
ಇದ್ದಿಲು ತೊಳೆದ ನೀರನ್ನು
ನೋಡಿರಲಿಕ್ಕಿಲ್ಲ.

ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ
ಬಿಚ್ಚಿ ಹಾಸಿದರೆ ಹತ್ತು ಗುಂಟೆ, ಎಂದಳು.
ಅಪ್ಪ ನಂಬಲಿಲ್ಲ.
‘ಹಾಗಾದರೆ ಅಷ್ಟೂ ಬಣ್ಣವನ್ನು ನುಂಗುತ್ತದೋ?’

ನುಂಗುವುದಿಲ್ಲ ಅಪ್ಪಾ.
ಹೊಟ್ಟೆಗೆ ಹಾಕಿಕೊಳ್ಳುವುದು ಬೇರೆ,
ಅದು ಅವ್ವನ ಕೆಲಸ.
ಇದು ಹಚ್ಚಿಕೊಳ್ಳುವುದು.
ಹರಿದು ಹೋಗುವುದೇನೋ ಹತ್ತಿರ ಸುಳಿದಾಗ
ಇದ್ದಬದ್ದ ಕಿಂಡಿ ತೆರೆದು
ಗೋಡೆಗೆ ಒರಗಿಸಿಕೊಂಡು
ಇರು, ಎನ್ನುವುದು.

ಲುತ್ಫಿಯೇ ಹೊತ್ತು ತಂದ, ಕಾರ್ಖಾನೆಯ ಹಿಂಬಾಗಿಲಿನಿಂದ
ಎರಡು ಕ್ಯಾನು. ಯಾರಿಗೂ ಹೇಳಬೇಡ, ಅಂದ.
ಡ್ರಮ್ಮಿಗೆ ಸುರಿದ. ಕೆಳಗಿನ ನಲ್ಲಿಗೆ ಲೋಟ ಹಿಡಿದ.
ತುಂಬಿದ ಲೋಟದ ಆಚೆ ಅವನ ಬೆರಳು ಕಂಡವು,
ಉಗುರಿನ ನೀಲಿ ಸಮೇತ.

ತೈಯಬ್ ಮೂಸಿದ.
‘ಇದರಲ್ಲಿ ಆಕ್ಟೋಪಸ್ ಬದುಕೀತೇ?’
ಗೊತ್ತಿಲ್ಲ. ಉಪ್ಪನ್ನು ಇದು ಹಿಡಿಯುವುದಿಲ್ಲ.
ಹಿಡಿಯದ್ದು ಇನ್ನೂ ಏನೇನೋ,
ಪಟ್ಟಿ ಮಾಡುತ್ತಿದ್ದೇನೆ.

ಹನ್ನೊಂದನೆಯ ದಿನ ನಲ್ಲಿಯ ತುದಿಯಲ್ಲಿ
ತೆಳು ನೀಲಿ. ಕಿಂಡಿಗಳೆಲ್ಲ ಭರ್ತಿ.
ಎಮ್ನಾ ಪುಸ್ತಕದಲ್ಲಿ ಬರೆದಳು: ಸಾಕಾಯಿತು.
ಅದನ್ನು ಹೊಡೆದುಹಾಕಿ
ಲೀಟರಿನ ಲೆಕ್ಕ ಬರೆದಳು.
ಮತ್ತೆ ಸುಟ್ಟರೆ ಮತ್ತೆ ತೆರೆದೀತು, ಒಂದಿಷ್ಟು.
ಪೂರ್ತಿ ಅಲ್ಲ.

ಹಬ್ಬ ಕಳೆದು ತಿಂಗಳಾಯಿತು. ಡಬ್ಬಿ ಕಪಾಟು ಸೇರಿದೆ.
ಬೆಳಿಗ್ಗೆ ಬಾಗಿಲು ತೆಗೆದರೆ ಹೊಸಿಲ ಮೇಲೆ
ಹಳೆ ಪತ್ರಿಕೆಯ ಪೊಟ್ಟಣ,
ತೊಳೆದು ಒಣಗಿಸಿದ ಬೀಜ.
ಮೇಲೆ ಸಾಸಿಯಾಳ ಕೈಬರಹ:
ಒಂಟೆಗೆ.