ನಾಲ್ಕು ತಿರುಪು

ನಾನು ದುಭಾಷಿ.
ಉಲಾನ್‌ಬಾತರ್, ಗಣಿ ಸಚಿವಾಲಯ,
ಮೂರನೇ ಮಹಡಿ, ಎಡಗಡೆ ಕೊನೆಯ ಕೋಣೆ.
ಹನ್ನೊಂದು ವರ್ಷದಲ್ಲಿ ಏಳು ಮಂತ್ರಿಗಳ ಮಾತು
ನನ್ನ ಬಾಯಿಂದ ಹಾದುಹೋಗಿದೆ.
ಒಬ್ಬರ ರುಚಿಯೂ ನಾಲಗೆಯಲ್ಲಿ ಉಳಿದಿಲ್ಲ.

ಮಂತ್ರಿ ಬದಲಾದ ದಿನ ಮೊದಲು ಬರುವವನು
ಪತ್ರಕರ್ತನಲ್ಲ, ಪೊಲೀಸನಲ್ಲ,
ನಾಮಫಲಕ ಕೊರೆಯುವ ಮುದುಕ ದಶ್‌ಜೆವೆಗ್.
ಹೆಗಲಿಗೆ ಚರ್ಮದ ಚೀಲ, ಮೀಸೆಗೆ ಹಿಮದ ಹರಳು.
ಬಾಗಿಲ ಪಕ್ಕದ ಗೋಡೆಯಿಂದ
ಹಳೆಯ ಹಿತ್ತಾಳೆ ಬಿಚ್ಚಿ
ಹೊಸತನ್ನು ಅಲ್ಲೇ ಇಟ್ಟು
ನಾಲ್ಕು ತಿರುಪು, ನಾಲ್ಕೇ ನಿಮಿಷ.
ಬಿಚ್ಚಿದ್ದನ್ನು ಎಸೆಯುವುದಿಲ್ಲ, ಮನೆಗೊಯ್ದು
ಬೆನ್ನು ಉಜ್ಜಿ ಮುಂದಿನವರಿಗೆ ಇಡುತ್ತಾನೆ.
'ನಾಲ್ಕನೆಯವರ ಹೆಸರು ಆರನೆಯವರ ಬೆನ್ನಲ್ಲಿದೆ'
ಒಮ್ಮೆ ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದ.

ಓಸ್ಲೋದಿಂದ ಔಕ್ಲಾಂಡ್ ಬಂದದ್ದು ಜನವರಿಯಲ್ಲಿ,
ಯಾರದೋ ನರ್ಸುಗಳ, ಯಾರದೋ ಮೇಷ್ಟರುಗಳ
ಪಿಂಚಣಿ ಹಣ ಹಿಡಿದು, ಗೋಬಿಯ ತಾಮ್ರಕ್ಕೆ.
ಅಂದೇ ಚೌಕದಲ್ಲಿ ಜನ.
ಸೊನ್ನೆಗಿಂತ ಇಪ್ಪತ್ತೆಂಟು ಕೆಳಗಿನ ಚಳಿಯಲ್ಲಿ
ಬೂಟು ಕುಟ್ಟುತ್ತ, ಮಂತ್ರಿಯ ಹೆಸರು ಹಿಡಿದು
ಬಾಯಿಗೆ ಬಂದಂತೆ ಬೈಯುತ್ತಿದ್ದರು.
ಮುಗಿಯಿತು, ಗಂಟು ಕಟ್ಟುತ್ತಾನೆ ಅಂದುಕೊಂಡೆ.

ಆತ ಕಿಟಕಿಯ ಮಂಜನ್ನು ತೋಳಿಂದ ಒರೆಸಿ ನೋಡಿದ.
'ಕೂಗಲಿ. ಕೂಗುವ ಊರಲ್ಲಿ ನನಗೆ ನಿದ್ದೆ ಬರುತ್ತದೆ.
ಇನ್ನೊಂದು ಕಡೆ, ಹೆಸರು ಬೇಡ,
ಇಪ್ಪತ್ತಾರು ವರ್ಷದಿಂದ ಒಬ್ಬನೇ.
ಒಂದೇ ಮಧ್ಯಾಹ್ನದಲ್ಲಿ ಎಲ್ಲ ಸಹಿ,
ಬೀದಿಗೆ ಬೀದಿಯೇ ತೆಪ್ಪಗೆ.
ಆಮೇಲೊಂದು ದಿನ ಆತನಿಗೆ ಕೆಮ್ಮು ಬಂತು.
ನಮ್ಮ ಹಣಕ್ಕೆಲ್ಲ ಜ್ವರ.'
ಇದನ್ನು ಅನುವಾದಿಸಬೇಡ ಎಂದು ಕಣ್ಣಲ್ಲೇ ಹೇಳಿದ.

ಹೊರಡುವಾಗ ಫಲಕದ ಮುಂದೆ ನಿಂತ.
ತಿರುಪಿನ ತಲೆ ಸವರಿ ಕೇಳಿದ:
'ಪ್ರತಿ ಸಲವೂ ಇವೇ ತೂತುಗಳೇ?'
ಇವೇ, ಅಂದೆ. ಗೋಡೆಗೆ ಬೇರೆ ಗಾಯ ಇಲ್ಲ.
ಏನನ್ನೋ ಬರೆದುಕೊಂಡ.
ವಸಂತಕ್ಕೆ ಗೋಬಿಗೆ ಯಂತ್ರ ಹೋಯಿತು,
ಹಿಂದೆಯೇ ನನ್ನ ತಮ್ಮ ತೆಮೂಲೆನ್,
ಇನ್ನೂರು ಜನಕ್ಕೆ ಕುರಿಮಾಂಸದ ಸಾರು ಕುದಿಸಲು.

ಎಂಟನೆಯವರು ಬಂದರು.
ಯಾರನ್ನೂ ಕೇಳಬೇಕಿಲ್ಲದಷ್ಟು ಬಹುಮತ.
ಫಲಕ ಇಮ್ಮಡಿ ಇರಲಿ ಅಂದರು.
ದಶ್‌ಜೆವೆಗ್ ಅಳತೆಪಟ್ಟಿ ಹಿಡಿದು
ಬಹಳ ಹೊತ್ತು ಸುಮ್ಮನೆ ನಿಂತ.
ಆಮೇಲೆ ಡ್ರಿಲ್ಲಿನ ಸದ್ದು.

ಅದೇ ವಾರ ಹೊಸ ತೆರಿಗೆ,
ಎರಡು ವರ್ಷ ಹಿಂದಿನಿಂದ ಅನ್ವಯ.
ತಡೆ ಕೊಟ್ಟ ನ್ಯಾಯಾಧೀಶೆಗೆ
ಗಡಿಯ ಊರಿಗೆ ವರ್ಗ.

'ಇನ್ನು ಹತ್ತು ವರ್ಷ ನಾವೇ' ಎಂದರು ಮಂತ್ರಿ,
'ಇದಕ್ಕಿಂತ ಸ್ಥಿರತೆ ಬೇಕೆ?'
ಒಂದಕ್ಷರ ಬಿಡದೆ ಹೇಳಿದೆ.
ಔಕ್ಲಾಂಡ್ ತನ್ನ ಬೂಟು ನೋಡುತ್ತಿದ್ದ,
ಕಪ್ಪು ಚರ್ಮದ ಮೇಲೆ ಬಿಳಿ ಗಾರೆಪುಡಿ.
ಉಪ್ಪು ಚಹಾ ಕೊನೆಯ ಗುಟುಕಿನವರೆಗೂ ಕುಡಿದ,
ಮರ್ಯಾದೆಸ್ಥ,
ಕಡತ ಮುಚ್ಚಿದ.

ತಮ್ಮ ಆಗಸ್ಟಿನಲ್ಲಿ ವಾಪಸು ಬಂದ.
ಸಂಬಳ ಬಾಕಿ, ಬದಲಿಗೆ ದೊಡ್ಡದೊಂದು ಸೌಟು.

ಆತನಿಗೆ ವಿಮಾನವಿತ್ತು.
ಹೂಡಿದವಳು ನಾನೂ ಅಲ್ಲವೆ?
ಹನ್ನೊಂದು ವರ್ಷ, ಕಂತು ತೀರದ ಒಂದೂವರೆ ಕೋಣೆ,
ಮಗಳ ಶಾಲೆ, ಪ್ರತಿ ಚುನಾವಣೆಗೂ ಒಂದು ಓಟು.
ನನ್ನ ವಿಶ್ವಾಸ ಏರಿತೋ ಇಳಿಯಿತೋ
ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ.
ರಾತ್ರಿ ಹಾಸಿಗೆಯ ಹೊಲಿಗೆ ಬಿಚ್ಚಿ ಡಾಲರು ಎಣಿಸುತ್ತೇನೆ,
ನನ್ನದೇ ದೇಶಕ್ಕೆ ಪರಕೀಯಳ ಹಾಗೆ.

ನಿನ್ನೆ ದಶ್‌ಜೆವೆಗ್‌ನ ನೆಲಮಾಳಿಗೆಗೆ ಇಳಿದೆ.
ಒಲೆಗೆ ಕಲ್ಲಿದ್ದಲು ತುರುಕಿ ಮತ್ತೆ ಕೂತ.
ಮೇಜಿನ ಮೇಲೆ ಹಿತ್ತಾಳೆಯ ತುಂಡುಗಳು,
ಹಳೆಯ ಅಳತೆಯವು, ಮೂಲೆಗೊಂದೊಂದು ತೂತು.
ಯಾರಿಗೆ ಇವು?
'ಹೆಸರು ಗೊತ್ತಿಲ್ಲ' ಅಂದ,
ಪುಡಿ ಊದಿ ಬೆಳಕಿಗೆ ಹಿಡಿದು,
'ಅಳತೆ ಗೊತ್ತು.'