ಪಟ್ಟಿಯಲ್ಲಿ ಕತ್ತೆ ಇತ್ತು

ಟ್ಯಾಬ್ ಕೊಟ್ಟ ದಿನ ಊಟ ಚೆನ್ನಾಗಿತ್ತು.
ಎ.ಸಿ.ಯ ಚಳಿಗೆ ಸೆರಗು ಹೊದ್ದು ಕೂತ ನಲವತ್ತು ಆಶಾಗಳಿಗೆ
ಒಬ್ಬ ಹುಡುಗ ಹೇಳಿದ: ಇನ್ನು ಪುಸ್ತಕ ಬೇಡ,
ನೀವು ಬೆರಳು ಒತ್ತಿದ್ದು ಆ ಕ್ಷಣವೇ
ಸಮುದ್ರದಾಚೆ ಹಣ ಕೊಟ್ಟವರಿಗೆ ಕಾಣುತ್ತದೆ.
ಹಣ ಯಾರದ್ದು ಅಂತ ಕೇಳಿದೆ. ಮೂರು ದೇಶದ ಹೆಸರು ಹೇಳಿದ,
ಒಂದು ಬ್ಯಾಂಕಿನದ್ದು, ಸತ್ತುಹೋದ ಒಬ್ಬ ಸಾಹುಕಾರನದ್ದು.
ಟ್ಯಾಬಿನ ಬೆನ್ನಿಗೆ ಅವರೆಲ್ಲರ ಗುರುತಿನ ಚೀಟಿ;
ಬೆಂಗ್ರೆಯ ಉಪ್ಪುಗಾಳಿಗೆ ಮೊದಲು ಎದ್ದುಬಂದದ್ದು ಅದೇ.

ಪ್ರಶ್ನೆ ಇಪ್ಪತ್ತಮೂರು: ಗರ್ಭಿಣಿ ಆಸ್ಪತ್ರೆಗೆ ಹೇಗೆ ಹೋಗುತ್ತಾಳೆ?
ನಡೆದು. ಸೈಕಲ್. ಕಾರು. ಬಸ್ಸು. ಕತ್ತೆಯ ಮೇಲೆ.
ದೋಣಿ ಇರಲಿಲ್ಲ.
ಯಾವುದೋ ಬೆಟ್ಟದ ನಾಡಿಗೆ ಹೊಲಿದ ಅಂಗಿ,
ಗುಂಡಿ ಕೂಡ ಬದಲಿಸದೆ ನಮಗೆ ತೊಡಿಸಿದ್ದರು.
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ.
ನಡೆದು ಅಂತ ಬರೆಯುವುದು ಹೇಗೆ, ಹೊಳೆಯ ಮೇಲೆ?
ಸುಳ್ಳಾದರೂ ನಾಲ್ಕು ಕಾಲಿರಲಿ ಅಂತ
ಜಲಜಾಕ್ಷಿ ಕರ್ಕೇರ ಕತ್ತೆ ಒತ್ತಿದಳು. ನಾನೂ ಒತ್ತಿದೆ.
ಆ ವರ್ಷ ತೋಟಬೆಂಗ್ರೆ, ಕಸಬಾ ಬೆಂಗ್ರೆ ಸೇರಿ
ಎಪ್ಪತ್ತೊಂದು ಬಸುರಿಯರು
ಕತ್ತೆಯೇರಿ ಲೇಡಿಗೋಶನ್‌ಗೆ ಹೋದರು.

ಅದನ್ನು ನೋಡಲೆಂದೇ ಬಂದರು ಒಬ್ಬರು, ಹಣದ ಕಡೆಯವರು.
ಬಿಳಿ ಕೂದಲು, ಉದ್ದ ಕಾಲು, ಬಿಸಿಲಿಗೆ ಕೆಂಪಾದ ಮೂಗು.
ಸುಲ್ತಾನ್ ಬತ್ತೇರಿಯಲ್ಲಿ ದೋಣಿ ಹತ್ತಿ
ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತರು,
ಮೀನಿನ ಬುಟ್ಟಿಗೂ ಗ್ಯಾಸ್ ಸಿಲಿಂಡರಿಗೂ ನಡುವೆ.
ಆಚೆ ದಡದಲ್ಲಿ ಇಳಿದು ಸುತ್ತ ನೋಡಿ ಕೇಳಿದರು:
ಕತ್ತೆಗಳು ಎಲ್ಲಿ?
ಹುಡುಗ ಅನುವಾದ ಮಾಡಲಿಲ್ಲ. ನಮಗೆ ಅರ್ಥವಾಗಿತ್ತು.
ಜಲಜಾಕ್ಷಿ ನಾವು ಬಂದ ದೋಣಿಗೇ ಕೈ ತೋರಿಸಿದಳು.
ನಕ್ಕರು, ಕಣ್ಣು ಒರೆಸಿಕೊಂಡರು, ಆಮೇಲೆ ನಗು ನಿಂತಿತು.
ಚೀಲದಿಂದ ಪುಟ್ಟ ಪುಸ್ತಕ ತೆಗೆದು
ಏನೋ ಬರೆದುಕೊಂಡರು, ಪೆನ್ಸಿಲಿನಲ್ಲಿ.
ಪೆನ್ಸಿಲಿನಲ್ಲಿ ಮಾರಾಯ್ರೆ!

ಮುಂದಿನ ಮಳೆಗಾಲಕ್ಕೆ ದೋಣಿ ಬಂತು ಪಟ್ಟಿಗೆ, ಕತ್ತೆಯ ಕೆಳಗೆ.
ಅದೇ ಜುಲೈ, ನಡುರಾತ್ರಿ, ಮಿಸ್ರಿಯಾಳಿಗೆ ನೋವು.
ಅಳಿವೆಯ ಎಳೆತಕ್ಕೆ ದೋಣಿ ವಾಲಿದಾಗ
ನನ್ನ ಕೈಗೆ ಜಾರಿತು ಹೆಣ್ಣು ಮಗು.
ಟಾರ್ಚ್ ಹಿಡಿದವಳ ಕೈ ನಡುಗಿ ಬೆಳಕೆಲ್ಲ ನೀರಿಗೆ.
ಅತ್ತಿತು. ಸಾಕಿತ್ತು ನಮಗೆ.
ಟ್ಯಾಬ್ ತಾನಾಗಿಯೇ ಜಾಗ ಹಿಡಿದಿತ್ತು, ಅಕ್ಷಾಂಶ ರೇಖಾಂಶ ಸಮೇತ.
ಮೂರು ಸಲ ಒತ್ತಿದೆ. ಮೂರು ಸಲವೂ ಕೆಂಪು ಅಕ್ಷರ:
ಈ ಸ್ಥಳದಲ್ಲಿ ಜನವಸತಿ ಇಲ್ಲ.

ಆಮೇಲೆ ಹಣ ನಿಂತಿತು.
ಅಲ್ಲಿ ಯಾವುದೋ ದೇಶದಲ್ಲಿ ಸರಕಾರ ಬದಲಾಯಿತಂತೆ,
ಎರಡನೇ ಹಂತ ಇಲ್ಲ ಅಂತ ಪತ್ರ.
ನಮ್ಮ ಕತ್ತೆಗಳೆಲ್ಲ ಯಾವ ಕೋಣೆಯ ಯಾವ ಯಂತ್ರದಲ್ಲಿ ಉಂಟೋ,
ಕೇಳುವ ಅಂದರೆ ಸಹಾಯವಾಣಿಯ ನಂಬರಿಗೆ
ಈಗ ಟೈಲ್ಸ್ ಅಂಗಡಿಯವ ಫೋನ್ ಎತ್ತುತ್ತಾನೆ.
ಬೈಯುವುದಿಲ್ಲ ನಾನು.
ಬಿ.ಪಿ. ಏರಿದ್ದ ಸುಕನ್ಯಾ ಮೆಂಡನ್‌ಳನ್ನು ಅದೇ ಹಿಡಿದುಕೊಟ್ಟಿತ್ತು,
ನನ್ನ ಪುಸ್ತಕದಲ್ಲಿ ಆ ಸಾಲಿನ ಮೇಲೆ ಚಹಾ ಚೆಲ್ಲಿತ್ತು.
ಈಗ ಅದರ ಕಪ್ಪು ಗಾಜಿನಲ್ಲಿ ನೋಡಿ ಬೊಟ್ಟು ಇಟ್ಟುಕೊಳ್ಳುತ್ತೇನೆ.

ಮಗುವಿನ ಜನನ ಪತ್ರಕ್ಕೆ ಹೋದಾಗ ಪುರಾವೆ ಕೇಳಿದರು.
ದೋಣಿಯ ಹಸನಬ್ಬ ಬಿಸ್ಕೆಟ್ ಡಬ್ಬದಿಂದ
ಡೀಸೆಲ್ ನಾರುವ ಲೆಕ್ಕದ ಪುಸ್ತಕ ತಂದು
ಆ ರಾತ್ರಿಯ ಸಾಲಿಗೆ ಬೆರಳಿಟ್ಟರು:
ಹತ್ತಿದ್ದು ಐದು. ಇಳಿದದ್ದು ಆರು.
ನಾಲ್ವರ ಹಣ ಬಂದಿದೆ. ಒಬ್ಬರದ್ದು ಬಾಕಿ.

ಆ ಬಾಕಿ ನನ್ನದು. ಗಡಿಬಿಡಿಯಲ್ಲಿ ಮರೆತಿದ್ದೆ.
ಈಗಲೂ ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ.
ಪುಸ್ತಕ ತಿದ್ದಬೇಕಾಗುತ್ತದಂತೆ.